ಏರ್‌ಲೈನರ್ ಅಂದ್ರೇನು? ಕಲಬುರಗಿಯಿಂದ ಒಂದು ಪ್ರಶ್ನೆ
ನಮ್ಮ ಸ್ಟೇಶನ್ ಬಜಾರದಾಗ ಹಾರೋದೆಲ್ಲ ವಿಮಾನನೇ. ಇಂಗ್ಲಿಷು ಬೇರೆ ಬೇರೆ ಮಾಡ್ತದ: ಏರ್‌ಲೈನ್ ಅಂದ್ರೆ ಕಂಪನಿ, ಏರ್‌ಲೈನರ್ ಅಂದ್ರೆ ಆ ಕಂಪನಿ ಟಿಕೆಟ್ ಮಾರಿ ಜನರನ್ನು ಒಯ್ಯುವ ವಿಮಾನ. ಮಂತ್ರಿಗಳು ಬಂದಿಳಿಯುವ ಬಾಡಿಗೆ ಜೆಟ್ಟಿಗೆ ಆ ಹೆಸರಿಲ್ಲ.

ಪದ ಬಂದದ್ದು ಹಡಗಿನಿಂದ. ಗೊತ್ತಾದ ಮಾರ್ಗದಲ್ಲಿ, ಗೊತ್ತಾದ ವೇಳೆಗೆ ಓಡುವ ಹಡಗಿಗೆ 'ಲೈನರ್' ಎನ್ನುತ್ತಿದ್ದರು. ಅಂದರೆ ವೇಳಾಪಟ್ಟಿ ಈ ಪದದೊಳಗೇ ಇದೆ.

2019ರ ನವೆಂಬರ್ 22ರಂದು ಕಲಬುರಗಿ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ಆದರೆ ಉಡಾನ್ ಯೋಜನೆಯಲ್ಲಿ ಒಂದು ಮಾರ್ಗಕ್ಕೆ ಸಿಗುವ ಸಹಾಯಧನ 3 ವರ್ಷದ್ದು. ಆಮೇಲೆ ಸೀಟು ತುಂಬಿದರಷ್ಟೇ ಲೈನು.

ಹಂಗಾಗಿ ನಾಯಕರು 'ವಿಮಾನ ತಂದೀವಿ' ಅಂದಾಗ ನಾನು ಕೇಳೋದು ಇಷ್ಟೇ: ವಾರಕ್ಕೆ ಎಷ್ಟು ದಿನ, ಎಷ್ಟು ಗಂಟೆಗೆ, ಎಷ್ಟು ವರ್ಷ?