ಕಾಗವಾಡದ ಹುಡುಗರು ಕೊಲ್ಹಾಪುರಕ್ಕೆ

ಕಬ್ಬಿನ ಹೊಲಗಳ ಮೇಲೆ ಡಿಸೆಂಬರಿನ ಮಂಜು ಇನ್ನೂ ಕೂತೇ ಇತ್ತು. ಸಾಲಿಯ ಟ್ರಿಪ್ಪಿನ ಬಸ್ಸು ಕಾಗವಾಡ ಬಿಟ್ಟದ್ದಷ್ಟೇ. ಒಳಗೆಲ್ಲ ಶೇಂಗಾ ಹಿಂಡಿಯ ವಾಸನೆ. ಮಧ್ಯಾಹ್ನದ ಬುತ್ತಿ ಮೀರಜ ಬರುವ ಮೊದಲೇ ಅರ್ಧ ಖಾಲಿ. ರಾಜ್ಯ ಬದಲಾದದ್ದು ಗೊತ್ತಾಗುವುದು ಅಂಗಡಿಗಳ ಬೋರ್ಡಿನಿಂದ. ಈ ಹುಡುಗರಿಗೆ ಅದೂ ತೊಡಕಲ್ಲ: ಕೆಲವರಿಗೆ ಮನೆಯಲ್ಲಿ ಮರಾಠಿ, ಸಾಲಿಯಲ್ಲಿ ಕನ್ನಡ, ಜಗಳದಲ್ಲಿ ಎರಡೂ.

ಅಂಬಾಬಾಯಿ ಗುಡಿಯ ಪಾಳಿ ಉದ್ದವಿತ್ತು. ಹೊರಬಂದ ಮೇಲೆ ಚಪ್ಪಲಿ ಅಂಗಡಿಯ ಮುಂದೆ ಒಬ್ಬ ಹುಡುಗಿ ನಿಂತೇಬಿಟ್ಟಳು. ಅವಳ ಅಜ್ಜನ ಊರು ಮದಭಾವಿ. ಕೊಲ್ಹಾಪುರಿ ಎಂದು ಮಾರುವ ಜೋಡುಗಳಲ್ಲಿ ಅಥಣಿ, ಮದಭಾವಿ, ನಿಪ್ಪಾಣಿ ಕಡೆಯ ಕೈಗಳು ಹೊಲಿದವು ಎಷ್ಟೋ. 2019ರಲ್ಲಿ ಸಿಕ್ಕ ಭೌಗೋಳಿಕ ಸೂಚಕ ಮಾನ್ಯತೆಯಲ್ಲೂ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜತೆ ಬೆಳಗಾವಿ ಸೇರಿ ನಮ್ಮ ನಾಲ್ಕಿವೆ. ಬೆಲೆ ಕೇಳಿದವಳೇ, “ಅಯ್ಯ, ಇಷ್ಟಕ್ಕ ನಮ್ಮಜ್ಜ ಎರಡ ಜೋಡ ಕೊಡ್ತಾನ್ರಿ” ಅಂದಳು. ಅಂಗಡಿಯವನಿಗೂ ಕನ್ನಡ ತಿಳಿಯುತ್ತಿತ್ತು, ನಕ್ಕ.

ಆಮೇಲೆ ಹೊಸ ಅರಮನೆ. ಮೇಜರ್ ಮ್ಯಾಂಟ್‌ನ ನಕ್ಷೆಯಂತೆ 1884ರಲ್ಲಿ ಕಟ್ಟಿ ಮುಗಿದ ಕರಿಕಲ್ಲಿನ ಭವನ, ನಡುವೆ ಗಡಿಯಾರದ ಗೋಪುರ, ಅಂಗಳದಲ್ಲಿ ಮೇಯುವ ಜಿಂಕೆಗಳು. ಬೆಳ್ಳಿಯ ಅಂಬಾರಿ, ಕತ್ತಿ, ಬಂದೂಕುಗಳನ್ನು ಹುಡುಗರು ಓಡುತ್ತಲೇ ನೋಡಿದರು. ಬೇಟೆಯ ಪ್ರಾಣಿಗಳಿದ್ದಲ್ಲಿಗೆ ಬಂದಾಗ ಮಾತ್ರ ಗದ್ದಲ ನಿಂತಿತು. ಹದ ಮಾಡಿ ತುಂಬಿಟ್ಟ ಹುಲಿಗಳು, ಗಾಜಿನ ಕಣ್ಣು, ತೆರೆದ ಬಾಯಿ.

“ಸರ, ಇದು ಖರೇನ ಹುಲಿ ಏನ್ರಿ?”

“ಖರೇನ ಇತ್ತು, ತಮ್ಮಾ.”

ಹುಲಿ ಬೇಟೆಯಷ್ಟೇ ಅಲ್ಲ, ಕೊಲ್ಹಾಪುರ ಸಂಸ್ಥಾನ ಚೀತಾಗಳನ್ನು ಸಾಕಿ, ಪಳಗಿಸಿ, ಚಿಗರಿ ಬೇಟೆಗೆ ಬಿಡುತ್ತಿತ್ತು. ನಮ್ಮ ನೆಲದ ಚೀತಾ ಸಿಗದಂತಾದಾಗ ಆಫ್ರಿಕಾದಿಂದ ತರಿಸಿಕೊಂಡರು. 1952ರ ಹೊತ್ತಿಗೆ ದೇಶದಲ್ಲಿ ಚೀತಾದ ವಂಶವೇ ಮುಗಿಯಿತೆಂದು ಸರಕಾರ ಹೇಳಿತು. ಸರ್ ಇದನ್ನೆಲ್ಲ ವಿವರಿಸುತ್ತಿದ್ದರೆ ಜುಗೂಳದ ಹುಡುಗನೊಬ್ಬ ಆಕಳಿಸಿದ. “ಇವು ಅಳ್ಳಾಡೂದಿಲ್ಲಲ್ರಿ.”

ರಂಕಾಳಾ ಕೆರೆಯ ದಂಡೆಯಲ್ಲಿ ಭೇಳ ತಿಂದದ್ದಾಯಿತು. ಖಾರಕ್ಕೆ ಎಲ್ಲರ ಮೂಗೂ ಸೋರಿತು.

ತಿರುಗಿ ಬರುವಾಗ ಉದಗಾಂವದ ಹತ್ತಿರ ಕೃಷ್ಣೆಯ ಸೇತುವೆ. ಆಕಳಿಸಿದ್ದ ಹುಡುಗನಿಗೆ ಇಲ್ಲಿ ಬಾಯಿ ಬಂತು. “ನಮ್ಮ ಜಾಕ್‌ವೆಲ್ ಕಡೆ ಮೊಸಳಿ ಬರ್ತೈತ್ರಿ. ಬಾಯಿ ತಗದ ಬಿಸಲಿಗೆ ಬಿದ್ದಿರ್ತೈತಿ. ಮೋಟಾರ ಚಾಲೂ ಮಾಡಾಕ ಹೋದ್ರ ನಮ್ಮಪ್ಪ ಮೊದಲ ಒಂದ ಕಲ್ಲ ಒಗದ ನೋಡ್ತಾನ.” ಬಾಯಿ ತೆರೆಯುವುದು ಹಸಿವಿಗಲ್ಲ, ಮೈಯ ಕಾವು ಇಳಿಸಿಕೊಳ್ಳಲು ಎಂದು ಸರ್ ಸೇರಿಸಿದರು, ಯಾರೂ ಕೇಳಿಸಿಕೊಳ್ಳಲಿಲ್ಲ. ಎಲ್ಲರೂ ಒಂದೇ ಕಿಟಕಿಗೆ ಮುಗಿಬಿದ್ದಿದ್ದರು, ಡ್ರೈವರ್ ಗದರುತ್ತಿದ್ದ. ಕೆಳಗೆ ಬೂದುಬಣ್ಣದ ನೀರು, ಆಚೆ ದಡದಲ್ಲಿ ಬಟ್ಟೆ ಒಗೆದು ಗಂಟು ಹೊತ್ತು ಹೊರಟ ಇಬ್ಬರು ಹೆಂಗಸರು.

“ಈಗ ತಂಡಿ. ಒಳಗ ಹೋಗಿರ್ತೈತಿ,” ಅಂದ ಅವನು, ಅದರ ಮನೆಯವನಂತೆ. “ನಾಳೆ ಬಿಸಲ ಏರಿದ ಮ್ಯಾಲ ನಮ್ಮೂರಿಗೆ ಬರ್ರಿ.”