ಕುಟುಂಬದೊಳಗಿನ ಹಿಂಸೆ: ಸಮಾಜಶಾಸ್ತ್ರೀಯ ಹಿನ್ನೆಲೆ ಮತ್ತು ಕಾಯ್ದೆಯಡಿ ಪರಿಹಾರ

‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಎಂಬ ಗಾದೆಯು ಹನೂರು ತಾಲ್ಲೂಕಿನ ಕೌದಳ್ಳಿಯಲ್ಲಿಯೂ ಕೇಳಿಬರುತ್ತದೆ. ಜಗಳಕ್ಕೆ ಅನ್ವಯಿಸುವ ಈ ಮಾತನ್ನು ಹೊಡೆತಕ್ಕೂ ಅನ್ವಯಿಸುವುದರಿಂದ ಅನೇಕ ದೂರುಗಳು ಕಚೇರಿಯವರೆಗೆ ಬರುವುದೇ ಇಲ್ಲ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ರಾಜ್ಯದಲ್ಲಿ ಎಂದಾದರೂ ವಿವಾಹವಾಗಿರುವ 18ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 44.4ರಷ್ಟು ಮಂದಿ ಪತಿಯಿಂದ ಹಿಂಸೆಗೆ ಒಳಗಾಗಿರುತ್ತಾರೆ. 2015-16ರ ಸಮೀಕ್ಷೆಯಲ್ಲಿ ಈ ಪ್ರಮಾಣ ಶೇ. 20.6 ಇದ್ದಿತು. ಕೆಲವೊಂದು ಕಾರಣಗಳಿಗೆ ಪತ್ನಿಯನ್ನು ಹೊಡೆಯುವುದು ಸರಿಯೆಂದು ಪುರುಷರಷ್ಟೇ ಅಲ್ಲದೆ ಬಹುಪಾಲು ಮಹಿಳೆಯರೂ ಉತ್ತರಿಸಿರುವುದು ಇನ್ನೂ ಗಮನಾರ್ಹ. ಹಿಂಸೆಯನ್ನು ಕೇವಲ ವ್ಯಕ್ತಿಯ ಸಿಟ್ಟು ಅಥವಾ ಮದ್ಯಪಾನದ ಫಲವೆಂದು ತಿಳಿದಲ್ಲಿ ಈ ಸಂಗತಿಗೆ ಉತ್ತರ ದೊರೆಯುವುದಿಲ್ಲ.

ಸಮಾಜಶಾಸ್ತ್ರಜ್ಞ ವಿಲಿಯಂ ಗೂಡ್ ಅವರು 1971ರಲ್ಲಿ, ಕುಟುಂಬವೂ ಇತರ ಸಾಮಾಜಿಕ ವ್ಯವಸ್ಥೆಗಳಂತೆ ಭಾಗಶಃ ಬಲದ ಮೇಲೆ ನಿಂತಿದೆ ಎಂದು ಪ್ರತಿಪಾದಿಸಿದರು. ಹಣ, ಉದ್ಯೋಗ, ಮನ್ನಣೆ ಇಲ್ಲದಿರುವವರು ಅಧಿಕಾರ ಉಳಿಸಿಕೊಳ್ಳಲು ಬಲಪ್ರಯೋಗಕ್ಕೆ ಮುಂದಾಗುವರೆಂಬುದು ಅವರ ವಾದ. ಸ್ತ್ರೀವಾದಿ ಚಿಂತಕರು ಇದನ್ನು ಪೂರ್ಣವಾಗಿ ಒಪ್ಪುವುದಿಲ್ಲ. ಸ್ಥಿತಿವಂತರ ಮನೆಗಳಲ್ಲಿಯೂ ಹಿಂಸೆ ಇರುವುದರಿಂದ, ಪುರುಷಪ್ರಧಾನ ವ್ಯವಸ್ಥೆಯೇ ಮೂಲವೆಂಬುದು ಅವರ ನಿಲುವು.

ನಮ್ಮ ಹಳ್ಳಿಗಳಿಗೆ ಹೆಚ್ಚು ಉಪಯುಕ್ತವಾದುದು ನೆರೆಯ ಕೇರಳದ ಅಧ್ಯಯನ. ಪ್ರದೀಪ್ ಪಾಂಡಾ ಮತ್ತು ಬೀನಾ ಅಗರ್ವಾಲ್ ಅವರು ತಿರುವನಂತಪುರ ಜಿಲ್ಲೆಯಲ್ಲಿ ನಡೆಸಿ 2005ರಲ್ಲಿ ಪ್ರಕಟಿಸಿದ ಈ ಅಧ್ಯಯನದಲ್ಲಿ, ಜಮೀನಾಗಲಿ ಮನೆಯಾಗಲಿ ಇಲ್ಲದ ವಿವಾಹಿತ ಮಹಿಳೆಯರಲ್ಲಿ ಶೇ. 49ರಷ್ಟು ಮಂದಿ ದೈಹಿಕ ಹಿಂಸೆ ಅನುಭವಿಸಿದ್ದರೆ, ಎರಡನ್ನೂ ಹೊಂದಿದ್ದವರಲ್ಲಿ ಈ ಪ್ರಮಾಣ ಸುಮಾರು ಶೇ. 7 ಮಾತ್ರ. ಹೊರಟು ಹೋಗಲು ಒಂದು ಸೂರು ಇದೆಯೆಂಬುದೇ ರಕ್ಷಣೆಯಾಗುತ್ತದೆ. ಕರ್ನಾಟಕದಲ್ಲಿ 1994ರ ತಿದ್ದುಪಡಿಯಿಂದಲೇ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹಕ್ಕು ನೀಡಲಾಗಿದ್ದರೂ, ಪಹಣಿಯಲ್ಲಿ ಹೆಸರು ಸೇರಿಸಲು ಕೇಳುವವರು ವಿರಳ.

ದಿನಾಂಕ 26-10-2006ರಿಂದ ಜಾರಿಯಲ್ಲಿರುವ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ, 2005, ಈ ದೃಷ್ಟಿಯಿಂದ ಮಹತ್ವದ್ದು. ದೈಹಿಕ ಹಿಂಸೆಯಲ್ಲದೆ ಮಾತಿನ, ಲೈಂಗಿಕ ಹಾಗೂ ಆರ್ಥಿಕ ಹಿಂಸೆಯೂ ಇದರ ವ್ಯಾಪ್ತಿಗೆ ಬರುತ್ತದೆ. ಮನೆ ಖರ್ಚಿಗೆ ಹಣ ಕೊಡದಿರುವುದು, ಸ್ತ್ರೀಧನ ಕಸಿದುಕೊಳ್ಳುವುದು ಸಹ ಹಿಂಸೆಯೇ. ಪತ್ನಿ ಮಾತ್ರವಲ್ಲದೆ ತಾಯಿ, ಸಹೋದರಿ, ವಿಧವೆ ಸೊಸೆ ಸಹ ಅರ್ಜಿ ಸಲ್ಲಿಸಬಹುದು. ಮನೆ ಯಾರ ಹೆಸರಿನಲ್ಲಿದ್ದರೂ, ನೊಂದ ಮಹಿಳೆಗೆ ತಾನು ಕೂಡಿ ಬಾಳಿದ ಮನೆಯಲ್ಲಿ ವಾಸಿಸುವ ಹಕ್ಕಿರುತ್ತದೆ (ಕಲಂ 17).

ಅರ್ಜಿಯನ್ನು ನೇರವಾಗಿ ಮ್ಯಾಜಿಸ್ಟ್ರೇಟ್ ನ್ಯಾಯಾಲಯಕ್ಕೆ ಅಥವಾ ಸಂರಕ್ಷಣಾಧಿಕಾರಿಯ ಮೂಲಕ ಸಲ್ಲಿಸಬಹುದು. ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳು ಈ ಹೊಣೆ ನಿರ್ವಹಿಸುತ್ತಾರೆ. ಬೇರೆ ಊರಿಗೆ ಮದುವೆಯಾಗಿ ಹೋಗಿ ಈಗ ಕೌದಳ್ಳಿಯ ತವರಿನಲ್ಲಿ ತಾತ್ಕಾಲಿಕವಾಗಿ ಇರುವವರು ಗಂಡನ ಊರಿಗೆ ಅಲೆಯಬೇಕಾಗಿಲ್ಲ. ಇಲ್ಲಿನ ವ್ಯಾಪ್ತಿಯ ನ್ಯಾಯಾಲಯದಲ್ಲಿಯೇ ಅರ್ಜಿ ಸಲ್ಲಿಸಬಹುದು. ಮಹಿಳೆಯರಿಗೆ ಆದಾಯ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಲಭ್ಯವಿದೆ. ಸಹಾಯವಾಣಿ 181, ತುರ್ತು ಸಂದರ್ಭದಲ್ಲಿ 112.

ನೊಂದವರೇ ಬರಬೇಕೆಂಬ ನಿಯಮವಿಲ್ಲ. ನೆರೆಹೊರೆಯವರು ಅಥವಾ ಬಂಧುಗಳು ಸಹ ಸಂರಕ್ಷಣಾಧಿಕಾರಿಗೆ ಮಾಹಿತಿ ನೀಡಬಹುದು. ಸದ್ಭಾವನೆಯಿಂದ ಮಾಹಿತಿ ನೀಡಿದವರ ಮೇಲೆ ಯಾವುದೇ ಸಿವಿಲ್ ಅಥವಾ ಕ್ರಿಮಿನಲ್ ಹೊಣೆ ಬರುವುದಿಲ್ಲ (ಕಲಂ 4).