ಒಂದು ಹನಿ ಪೆಟ್ರೋಲು, ಒಂದು ಸುಳ್ಳು ಟಿಕ್

ಕಾರಿನ ಒಂದು ಬದಿಯನ್ನು ಚೈನ್ ಪುಲ್ಲಿಗೆ ಕಟ್ಟಿ ನಿಧಾನಕ್ಕೆ ಎತ್ತುತ್ತಿದ್ದೆವು. ನಲವತ್ತು ಡಿಗ್ರಿ, ಐವತ್ತು, ಅರವತ್ತು. ‘ಪಾಸ್!’ ಎಂದು ಯಾರೋ ಕೂಗಿದರು. ಅಷ್ಟರಲ್ಲಿ ಕೆಳಗೆ ಹಾಸಿದ್ದ ಹಳೇ ಪೇಪರಿನ ಮೇಲೆ ಟಪ್ ಎಂದು ಒಂದು ಹನಿ ಬಿತ್ತು. ಪೆಟ್ರೋಲು!

ನಾನು ಭಟ್ಕಳ ತಾಲ್ಲೂಕಿನ ಬೆಳಕೆಯವನು, ಮೆಕ್ಯಾನಿಕಲ್ ಬಿಇ ವಿದ್ಯಾರ್ಥಿ. ವಿದ್ಯಾರ್ಥಿಗಳೇ ರೇಸ್ ಕಾರು ಕಟ್ಟಿ ಓಡಿಸುವ ‘ಫಾರ್ಮುಲಾ ಭಾರತ್’ ಸ್ಪರ್ಧೆಗೆ ನಮ್ಮ ತಂಡವೂ ತಯಾರಾಗುತ್ತಿದೆ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ ಟ್ರ್ಯಾಕಿಗೆ ಇಳಿಯುವ ಮೊದಲು ಕಾರನ್ನು 60 ಡಿಗ್ರಿ ವಾಲಿಸಿ ನೋಡುತ್ತಾರೆ. ಏನೂ ಸೋರಬಾರದು. ಎಂಜಿನ್, ಸಸ್ಪೆನ್ಷನ್ ಸಿಕ್ಕ ಗೆಳೆಯರೆಲ್ಲ ಹೀರೊಗಳಾದರು. ನನ್ನ ಪಾಲಿಗೆ ಬಂದದ್ದು ಪೈಪು, ನಟ್ಟು, ಕ್ಲಿಪ್ಪು.

ಹನಿ ಬಂದದ್ದು ಪಂಪಿನ ಪಕ್ಕದ ಜಾಯಿಂಟಿನಿಂದ. ಅಲ್ಲಿ ನಾವು ಹಾಕಿದ್ದು ಎಎನ್-4 ಫಿಟ್ಟಿಂಗ್. ಎಎನ್ ಎಂದರೆ ಆರ್ಮಿ-ನೇವಿ. ಸಂಖ್ಯೆ ಇಂಚಿನ ಹದಿನಾರನೇ ಭಾಗದ ಲೆಕ್ಕ, ಹಾಗಾಗಿ 4 ಎಂದರೆ ಕಾಲು ಇಂಚಿನ ಕೊಳವೆ. ಒಂದು ಅಡಾಪ್ಟರ್ ಕಡಿಮೆಬಿತ್ತು. ಆನ್‌ಲೈನ್ ಆರ್ಡರಿಗೆ ವಾರ ಕಾಯಬೇಕು. ಎ.ಸಿ. ಬಿಡಿಭಾಗಗಳ ಅಂಗಡಿಯಲ್ಲಿ ಅಂಥದ್ದೇ ಹಿತ್ತಾಳೆಯದ್ದು ಕಂಡಿತು. ತಿರುಗಿಸಿದೆ, ಬೆಣ್ಣೆಯಂತೆ ಕೂತಿತು. ಚೆಕ್‌ಲಿಸ್ಟಿನಲ್ಲಿ ‘ಪರೀಕ್ಷಿಸಿದೆ’ ಎಂದು ಟಿಕ್ ಹಾಕಿಬಿಟ್ಟೆ.

ನಿಜ ಏನೆಂದರೆ, ಎ.ಸಿ.ಯ ಕಾಲು ಇಂಚಿನ ಫ್ಲೇರ್ ಫಿಟ್ಟಿಂಗಿನ ಥ್ರೆಡ್ಡೂ ಎಎನ್-4 ಥ್ರೆಡ್ಡೂ ಒಂದೇ. ಆದರೆ ಅದರ ಶಂಕುವಿನ ಕೋನ 45 ಡಿಗ್ರಿ, ಎಎನ್‌ನದ್ದು 37. ಇಂಧನವನ್ನು ತಡೆಯುವುದು ಥ್ರೆಡ್ ಅಲ್ಲ, ಆ ಶಂಕು. ಕೋನ ಹೊಂದದಿದ್ದರೆ ಅಗಲವಾಗಿ ಒತ್ತಿ ಕೂರಬೇಕಾದ ಜಾಗದಲ್ಲಿ ಕೂದಲೆಳೆಯಷ್ಟು ಗೆರೆ ಮಾತ್ರ ತಾಗುತ್ತದೆ. ಮಾರ್ಕರ್ ಬಳಿದು ಜೋಡಿಸಿ ಬಿಚ್ಚಿದೆವು. ಅಷ್ಟೇ ಗೆರೆ ಅಳಿಸಿತ್ತು!

ಮೊದಲು ನಾನು ಮಾಡಿದ್ದು ಎಲ್ಲರೂ ಮಾಡುವ ಕೆಲಸ: ಇನ್ನಷ್ಟು ಬಿಗಿ ಮಾಡಿದೆ. ಅಲ್ಯೂಮಿನಿಯಂ ಶಂಕುವಿಗೆ ಗಾಯವಾಯಿತೇ ಹೊರತು ಸೋರಿಕೆ ನಿಲ್ಲಲಿಲ್ಲ. ಟೆಫ್ಲಾನ್ ಟೇಪ್ ಸುತ್ತಲು ಹೋದಾಗ ಸೀನಿಯರ್ ಕೈ ಹಿಡಿದರು. ಫ್ಲೇರ್ ಜಾಯಿಂಟಿಗೆ ಟೇಪು ಪ್ರಯೋಜನವಿಲ್ಲ, ಅದರ ಚೂರು ಹೋಗಿ ಇಂಜೆಕ್ಟರ್ ಕಟ್ಟಿಕೊಳ್ಳಬಹುದು ಎಂದರು.

ಆ ರಾತ್ರಿ ಇಡೀ ಲೈನನ್ನು ಬಿಚ್ಚಿದೆವು. ರಬ್ಬರ್ ಪೈಪಿಗೆ ಸಾಮಾನ್ಯ ವರ್ಮ್ ಕ್ಲಿಪ್ ಹಾಕಿದ್ದೆ. ಸ್ಪರ್ಧೆಯ ನಿಯಮ ಅದನ್ನು ಒಪ್ಪುವುದಿಲ್ಲ. ಅದರ ಸೀಳುಗಳು ರಬ್ಬರನ್ನು ಕೊರೆಯುತ್ತವೆ. ಸುತ್ತಲೂ ಪೂರ್ತಿ ಅಪ್ಪಿಕೊಳ್ಳುವ, ಅಂಚು ಮಡಚಿದ, ನಟ್-ಬೋಲ್ಟಿನಿಂದ ಬಿಗಿಯುವ ಕ್ಲಾಂಪೇ ಬೇಕು. ಪೈಪಿನ ಮೇಲಿನ ಅಕ್ಷರಗಳನ್ನೂ ಆಗಲೇ ಮೊದಲ ಸಲ ಓದಿದ್ದು. ಎಸ್‌ಎಇ ಆರ್7 ಎಂದಿದ್ದರೆ ಅದು ಕಾರ್ಬ್ಯುರೇಟರ್ ಕಾಲದ ಕಡಿಮೆ ಒತ್ತಡಕ್ಕೆ. ಮೂರು ಬಾರ್ ಆಸುಪಾಸಿನಲ್ಲಿ ಕೆಲಸ ಮಾಡುವ ಇಂಜೆಕ್ಷನ್ನಿಗೆ ಆರ್9 ಬೇಕು. ಅದರ ಒಳಪದರ ಎಥೆನಾಲನ್ನೂ ಚೆನ್ನಾಗಿ ತಾಳುತ್ತದೆ. 2023ರಿಂದ ಬಂಕುಗಳಿಗೆ ಬಂದಿರುವ ಇ20 ಪೆಟ್ರೋಲಿನಲ್ಲಿ ಶೇ 20ರಷ್ಟು ಎಥೆನಾಲ್ ಇರುವುದರಿಂದ ಇದನ್ನೂ ನೋಡಲೇಬೇಕು.

ರಜೆಗೆ ಊರಿಗೆ ಹೋದಾಗ ಚಿಕ್ಕಪ್ಪನಿಗೆ ಇದನ್ನೆಲ್ಲ ಹೇಳಿದೆ. ಅವರದು ದೋಣಿ ಕೆಲಸ. ಉಪ್ಪುಗಾಳಿಗೆ ಕ್ಲಿಪ್ಪುಗಳು ಬೇಗ ತುಕ್ಕು ಹಿಡಿಯುತ್ತವೆ. ಹಾಗಾಗಿ ದೋಣಿ ನೀರಿಗಿಳಿಸುವ ಮುನ್ನ ಎಂಜಿನ್ ಪೈಪಿನ ಪ್ರತಿ ಜಾಯಿಂಟನ್ನೂ ಹೆಬ್ಬೆರಳಿನಿಂದ ಸವರಿ, ಬೆರಳು ಮೂಸುತ್ತಾರೆ. ‘ಕಡಲ ನಡುವೆ ಗ್ಯಾರೇಜ್ ಇಲ್ಲ ಮಾರಾಯ’ ಎಂದರು. ಯಾವ ಚೆಕ್‌ಲಿಸ್ಟೂ ಇಲ್ಲದೆ ಅವರು ಮಾಡುತ್ತಿದ್ದದ್ದನ್ನು ನಾನು ಚೆಕ್‌ಲಿಸ್ಟ್ ಇಟ್ಟುಕೊಂಡೂ ಮಾಡಿರಲಿಲ್ಲ.

ನಮ್ಮ ಕಾರಿನ ಟ್ಯಾಂಕ್ ಇರುವುದು ಚಾಲಕನ ಬೆನ್ನ ಹಿಂದೆ, ನಡುವೆ ಒಂದು ಫೈರ್‌ವಾಲ್. ಅವಘಡವಾದರೆ ಆತ ಐದು ಸೆಕೆಂಡಿನಲ್ಲಿ ಹೊರಬರಬೇಕು ಎಂಬುದು ನಿಯಮ. ಆ ಚಾಲಕ ನನ್ನ ರೂಮ್‌ಮೇಟ್. ನನ್ನ ಟಿಕ್ಕನ್ನು ನಂಬಿಯೇ ಅವನು ಆ ಸೀಟಿನಲ್ಲಿ ಕೂರುವುದು.

ಈಗ ಹೊಸ ಅಡಾಪ್ಟರ್ ಬಂದಿದೆ. ಹೋಸು, ಫಿಟ್ಟಿಂಗು, ಅಡಾಪ್ಟರು ಎಲ್ಲವೂ ಒಂದೇ ಮಾದರಿಯವು. ಬಿಗಿ ಮಾಡಿದ ಪ್ರತಿ ನಟ್ಟಿನ ಮೇಲೆ ಬಣ್ಣದ ಗೆರೆ ಎಳೆದಿದ್ದೇವೆ. ನಟ್ ಸಡಿಲಾದರೆ ಗೆರೆ ಮುರಿದು ಕಾಣುತ್ತದೆ. ಚೆಕ್‌ಲಿಸ್ಟಿಗೆ ಇಬ್ಬರ ಸಹಿ ಕಡ್ಡಾಯ. ಎರಡನೆಯ ಸಹಿ ಕಾರು ಓಡಿಸುವವನದ್ದು.

ಕಳೆದ ವಾರ ಮತ್ತೆ ಕಾರನ್ನು ವಾಲಿಸಿದೆವು. ಪೇಪರ್ ಒಣಗಿಯೇ ಇತ್ತು. ಆದರೂ ಹೆಬ್ಬೆರಳಿನಿಂದ ಒಮ್ಮೆ ಸವರಿ, ಮೂಸಿ ನೋಡಿದೆ. ಆಮೇಲೆಯೇ ಟಿಕ್ ಹಾಕಿದ್ದು.